ಗಗನಕ್ಕೆ ಬಿಟ್ಟ ಮಾತಿನ ಶುದ್ಧಿ

ಆಡಿದ ಮಾತು, ಬಿಟ್ಟ ಬಾಣ ಇವೆರಡೂ ಹಿಂದಿರುಗಿ ಬರಲಾರವೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಮನೆಯ ಪಡಸಾಲೆಯಲ್ಲಿ ಆಡುವ ಮಾತಿಗೇ ಇಷ್ಟು ಎಚ್ಚರಿಕೆ ಬೇಕಾದರೆ, ಕ್ಷಣಮಾತ್ರದಲ್ಲಿ ನದಿ ಗುಡ್ಡಗಳನ್ನು ದಾಟಿ ನೂರಾರು ಹರದಾರಿ ದೂರದ ಅಪರಿಚಿತರ ಕಿವಿಯನ್ನು ಮುಟ್ಟುವ ಮಾತಿಗೆ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ವಾಚಕರೇ ಊಹಿಸಬಹುದು. ಅಂಥ ಮಾತನ್ನು ಆಡತಕ್ಕವರು ಹವ್ಯಾಸಿ ರೇಡಿಯೋದವರು. ಜನರು ಅವರನ್ನು 'ಹ್ಯಾಮ್'ಗಳೆಂದು ಕರೆಯುವರು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬೈಲಹೊಂಗಲದ ಸೀಮೆಯಲ್ಲಿ ಹುಡುಗರಿಗೆ ಸಂಸ್ಕೃತವನ್ನು ಕಲಿಸಿ ನಿವೃತ್ತನಾದವನು. ಶಬ್ದರೂಪ ಧಾತುರೂಪಗಳಲ್ಲಿ ಆಯುಷ್ಯವನ್ನು ಕಳೆದವನಿಗೆ ತಂತಿ, ತರಂಗ, ವ್ಯಾಟುಗಳ ಗೊಡವೆ ಏಕೆಂದು ಕೆಲವರು ನಗಬಹುದು. ಆದರೆ ಹೋದ ವರ್ಷ ನನ್ನ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಹುಟ್ಟಿದ ಒಂದು ಜಗಳವನ್ನು ಬಿಡಿಸಲು ಹೋಗಿ ನಾನು ಕಲಿತ ಸಂಗತಿಯು ಪ್ರತಿಯೊಬ್ಬ ಗೃಹಸ್ಥನಿಗೂ ಉಪಯುಕ್ತವಾಗಿ ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಈ ಹವ್ಯಾಸದ ಸ್ವರೂಪವನ್ನು ತಿಳಿಯೋಣ. ಲಾಭದ ಆಸೆಯಿಲ್ಲದೆ, ಕೇವಲ ವಿದ್ಯೆಯ ಪ್ರೀತಿಯಿಂದ, ತನ್ನ ಮನೆಯಲ್ಲಿಯೇ ಪ್ರೇಷಕ ಯಂತ್ರವನ್ನೂ ಗ್ರಾಹಕ ಯಂತ್ರವನ್ನೂ ಇಟ್ಟುಕೊಂಡು ಅನ್ಯ ಹವ್ಯಾಸಿಗಳೊಡನೆ ಸಂಭಾಷಿಸುವುದೇ ಇದು. ಮನೆಯಿಂದ ಗಗನಕ್ಕೆ ಮಾತನ್ನು ಕಳಿಸುವ ಸಾಹಸವು ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿಯ ಸೆಪ್ಟೆಂಬರ 10ರಂದು ತಮ್ಮ ಮನೆಯಿಂದಲೇ, ಕೇವಲ 30 ವ್ಯಾಟಿನ ಯಂತ್ರದಿಂದ ಪ್ರಸಾರವನ್ನು ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟರು. ಮುಂದೆ ಇಡೀ ದೇಶದ ಪ್ರಸಾರಸಂಸ್ಥೆಗೆ ಅದೇ ಹೆಸರು ನಿಂತಿತು. ಒಂದು ಹಳೆಯ ವಿದ್ಯುದ್ದೀಪಕ್ಕೆ ಬೇಕಾಗುವುದಕ್ಕಿಂತಲೂ ಕಡಿಮೆ ಶಕ್ತಿಯಿಂದ ಅಷ್ಟು ದೊಡ್ಡ ಕಾರ್ಯಕ್ಕೆ ಅಂಕುರಾರ್ಪಣವಾಯಿತೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ. ಗೋಪಾಲಸ್ವಾಮಿಯವರದು ಊರಿಗೆಲ್ಲ ಕೇಳಿಸುವ ಪ್ರಸಾರ. ಹವ್ಯಾಸಿಯದು ಒಬ್ಬನು ಇನ್ನೊಬ್ಬನೊಡನೆ ಆಡುವ ಸಂಭಾಷಣೆ. ಇಷ್ಟೇ ಭೇದ.

ಈ ಹವ್ಯಾಸಕ್ಕೆ ಯಾರೂ ಮನಬಂದಂತೆ ಕೈಹಾಕುವಂತಿಲ್ಲ. ಕೇಂದ್ರ ಸರಕಾರದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಪರವಾನಿಗೆಯನ್ನು ಪಡೆಯಬೇಕು. ಇದಕ್ಕಾಗಿ 1978ರಲ್ಲಿ ಪ್ರತ್ಯೇಕ ನಿಯಮಗಳು ರಚಿತವಾದವು. ಪರವಾನಿಗೆಯೊಡನೆ ಪ್ರತಿಯೊಬ್ಬನಿಗೂ ಒಂದು ಕರೆಗುರುತು ದೊರೆಯುವುದು. ನಮ್ಮವರ ಕರೆಗುರುತುಗಳು ಸಾಮಾನ್ಯವಾಗಿ 'ವಿ.ಯು.2' ಅಥವಾ 'ವಿ.ಯು.3' ಎಂದು ಆರಂಭವಾಗುವವು. ನಮ್ಮ ಗೋತ್ರ ಪ್ರವರಗಳಿದ್ದಂತೆ, ಅದನ್ನು ಕೇಳಿದೊಡನೆ ಇವನು ಯಾವ ದೇಶದವನು, ಯಾರು ಎಂಬುದು ಲೋಕಕ್ಕೆಲ್ಲ ತಿಳಿಯುತ್ತದೆ. ಆದುದರಿಂದ ಕೆಟ್ಟ ದನಿಯನ್ನು ಹೊರಡಿಸಿದವನು ತನ್ನ ಹೆಸರನ್ನಷ್ಟೇ ಅಲ್ಲ, ದೇಶದ ಹೆಸರನ್ನೂ ಕೆಡಿಸಿದಂತಾಗುವುದು.

ನನ್ನ ಶಿಷ್ಯನು ರಾಮದುರ್ಗದಲ್ಲಿ ಪಂಪಸೆಟ್ಟುಗಳ ಮೋಟಾರು ಸುತ್ತುವ ಅಂಗಡಿಯನ್ನು ಇಟ್ಟಿರುವನು. ಶಾಲೆಯಲ್ಲಿ ಸಂಸ್ಕೃತ ವಿಭಕ್ತಿಗಳಿಗೆ ಹೆದರುತ್ತಿದ್ದ ಹುಡುಗ, ತಾಮ್ರದ ತಂತಿಯನ್ನು ಕಂಡರೆ ಮಾತ್ರ ಮೈಮರೆಯುತ್ತಿದ್ದನು. ಅವನು ಈ ಹವ್ಯಾಸಕ್ಕೆ ತೊಡಗಿದುದು ಮೋಜಿಗಾಗಿ ಅಲ್ಲ. 2019ರ ಅಗಸ್ಟ ತಿಂಗಳಲ್ಲಿ ಮಲಪ್ರಭೆಯು ಉಕ್ಕಿ ಹರಿದುದನ್ನು ನಮ್ಮ ಸೀಮೆಯವರು ಮರೆತಿಲ್ಲ. ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟು ತುಂಬಿ, ಅಲ್ಲಿಂದ ಬಿಟ್ಟ ನೀರು ಕೆಳಗಿನ ರಾಮದುರ್ಗ ತಾಲೂಕಿನ ಹಳ್ಳಿಗಳನ್ನು ಮುತ್ತಿತು. ಆ ದಿನ ಅವನ ತಾಯಿಯು ನದಿಯ ದಂಡೆಯ ಹಳ್ಳಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದಳು. ವಿದ್ಯುತ್ತು ಹೋಯಿತು, ಕೈಯೊಳಗಿನ ಫೋನು ಮೂಕವಾಯಿತು. ಎರಡು ಹಗಲು ಎರಡು ರಾತ್ರಿ ತಾಯಿ ಬದುಕಿರುವಳೋ ಇಲ್ಲವೋ ಎಂಬ ಒಂದು ಮಾತೂ ಅವನಿಗೆ ಸಿಕ್ಕಲಿಲ್ಲ. ಮೂರನೆಯ ದಿನ ಆಕೆಯು ಗುಡಿಯ ಕಟ್ಟೆಯ ಮೇಲೆ ಆಶ್ರಯ ಪಡೆದು ಕ್ಷೇಮವಾಗಿರುವಳೆಂದು ತಿಳಿದಾಗ ಅವನು ಮಗುವಿನಂತೆ ಅತ್ತನು. ಆ ಮೇಲೆ ಪುಸ್ತಕಗಳನ್ನು ತರಿಸಿ, ರಾತ್ರಿ ಓದಿ, ಪರೀಕ್ಷೆಗೆ ಕುಳಿತು ಪರವಾನಿಗೆಯನ್ನು ಪಡೆದನು. "ಗುರುಗಳ, ಇನ್ನೊಮ್ಮೆ ಹೊಳಿ ಬಂದ್ರ, ನಮ್ಮೂರಿನ ಸುದ್ದಿ ಒಂದಾದರೂ ಹೊರಗ ಹೋಗಬೇಕರಿ" ಎಂದು ನನಗೆ ಹೇಳಿದ್ದನು.

ಅಂಗಡಿಯ ಮಾಳಿಗೆಯ ಮೇಲೆ ಎರಡು ಕಂಬಗಳ ನಡುವೆ ಸುಮಾರು 20 ಮೀಟರು ಉದ್ದದ ತಂತಿಯನ್ನು ಕಟ್ಟಿದನು. ಅದು 7 ಮೆಗಾಹರ್ಟ್ಸಿನ ಸುಮಾರಿನ ತರಂಗಗಳಿಗೆ ತಕ್ಕುದು. ಹವ್ಯಾಸಿಗಳು ಅದನ್ನು 40 ಮೀಟರಿನ ಪಟ್ಟೆ ಎನ್ನುವರು. ಈ ತರಂಗವು ಹಗಲಿನಲ್ಲಿ ನೇರವಾಗಿ ಮೇಲೇರಿ, ನೆಲದಿಂದ ಇನ್ನೂರೈವತ್ತು ಮುನ್ನೂರು ಕಿಲೋಮೀಟರು ಎತ್ತರದಲ್ಲಿರುವ ವಿದ್ಯುತ್ಕಣಗಳ ಪದರಕ್ಕೆ ತಾಗಿ, ಕೊಡೆಯ ಮೇಲಿನಿಂದ ಇಳಿಯುವ ಮಳೆಯಂತೆ ಸುತ್ತಲಿನ ಸೀಮೆಗೆಲ್ಲ ಇಳಿಯುವುದು. ಆದುದರಿಂದ ನಡುವೆ ಯಲ್ಲಮ್ಮನ ಗುಡ್ಡವಿದ್ದರೂ ಅದಕ್ಕೆ ತೊಡಕಿಲ್ಲ. ಬೈಲಹೊಂಗಲದಲ್ಲಿ ಒಬ್ಬ, ಕಿತ್ತೂರಿನಲ್ಲಿ ಒಬ್ಬ, ಹೀಗೆ ಇಬ್ಬರು ಗೆಳೆಯರೂ ಅವನಿಗೆ ದೊರೆತರು. ಸಂಜೆಯ ಹೊತ್ತು ಮೈಕನ್ನು ಹಿಡಿದು ಕರೆಯತೊಡಗಿದನು.

ಅಲ್ಲಿಂದ ಜಗಳವೂ ಮೊದಲಾಯಿತು. ಪಕ್ಕದ ಮನೆಯಲ್ಲಿ ಒಬ್ಬ ವೃದ್ಧೆ. ಪ್ರತಿ ಸಂಜೆ ಭಜನೆಯ ಪೆಟ್ಟಿಗೆಯನ್ನು ಹಚ್ಚಿ ಕೂಡ್ರುವ ನೇಮದವಳು. ಇವನು ಮಾತನಾಡಿದಾಗಲೆಲ್ಲ ಆ ಪೆಟ್ಟಿಗೆಯು ವಿಕಾರವಾಗಿ ಕೂಗತೊಡಗಿತು. ಮಾತು ಮಾತಿಗೆ ಬೆಳೆದು, ಕೊನೆಗೆ ಇಬ್ಬರೂ ನನ್ನನ್ನು ಪಂಚನನ್ನಾಗಿ ಕರೆಯಿಸಿದರು.

"ಮಾಸ್ತರ, ನೀವ ಹೇಳ್ರಿ," ಎಂದಳು ಆಕೆ. "ದೇವರ ಹೆಸರು ಹಚ್ಚಿದ್ರ ಪೆಟಗಿ ಒಳಗ ಕೋಣ ನೀರಾಗ ಮುಳಗಿ ಒದರಿದ್ಹಂಗ ಗೊರಗೊರ ಅಂತದ. ಇದು ಯಾವ ವಿದ್ಯೆರಿ?"

"ದೊಡ್ಡವ್ವ, ನನ್ನ ಕಡೆ ಸರಕಾರದ ಪರವಾನಿಗಿ ಅದ. ನಿನ್ನ ಪೆಟಗೀದ ತಪ್ಪು," ಎಂದನು ಇವನು.

"ಪರವಾನಿಗಿ ಇದ್ರ ಒದರಾಕ ಪರವಾನಿಗಿ ಐತೇನು ತಮ್ಮಾ?" ಎಂದು ಆಕೆ ಕೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಧಾರವಾಡದ ಕಡೆಯ ಒಬ್ಬ ಹಿರಿಯ ಹವ್ಯಾಸಿಗಳಿಗೆ ಫೋನು ಮಾಡಿದೆವು. ಅವರು ಶಾಂತವಾಗಿ ಹೇಳಿದ್ದು ಇಷ್ಟು: ಇಂಥ ತಕರಾರಿನಲ್ಲಿ ತಪ್ಪು ಎರಡೂ ಕಡೆಗೆ ಇರಬಹುದು. ಪೆಟ್ಟಿಗೆಯಿಂದ ಧ್ವನಿವರ್ಧಕದವರೆಗೆ ಹೋದ ಉದ್ದ ತಂತಿಯೇ ಆಂಟೆನಾ ಆಗಿ, ಹತ್ತಿರದ ಪ್ರಬಲ ತರಂಗವನ್ನು ಎಳೆದುಕೊಳ್ಳುವುದುಂಟು. ಅಲ್ಲಿ ಪ್ರೇಷಕ ಯಂತ್ರವು ನಿರ್ದೋಷವಾಗಿದ್ದರೂ ಬಾಧೆ ತಪ್ಪದು. ಅದಕ್ಕೆ ಆ ತಂತಿಯನ್ನು ಫೆರೈಟೆಂಬ ಕಪ್ಪು ವಸ್ತುವಿನ ಬಳೆಯಲ್ಲಿ ಏಳೆಂಟು ಸುತ್ತು ಸುತ್ತಬೇಕು. ಹವ್ಯಾಸಿಯು ತನ್ನ ಆಂಟೆನಾದ ತುದಿಯನ್ನು ನೆರೆಮನೆಯಿಂದ ದೂರ ಸರಿಸಬೇಕು. ಶಿಷ್ಯನು ತನ್ನ ಖರ್ಚಿನಿಂದಲೇ ಬಳೆಗಳನ್ನು ತರಿಸಿ ಸುತ್ತಿದನು. ಕಂಬವನ್ನು ಕಿತ್ತು ಬೇರೆ ಮೂಲೆಗೆ ನೆಟ್ಟನು. ಗೊರಗೊರ ಬಹುಮಟ್ಟಿಗೆ ನಿಂತಿತು. ಆದರೆ ಆ ಹಿರಿಯರು ಕೊನೆಗೆ ಒಂದು ಪ್ರಶ್ನೆಯನ್ನು ಕೇಳಿದ್ದರು: "ನಿಮ್ಮ ದನಿ ಹೊರಗೆ ಹೇಗೆ ಹೋಗುತ್ತದೆಂದು ನೀವು ನೋಡಿರುವಿರಾ?" ಶಿಷ್ಯನು ಹೆಮ್ಮೆಯಿಂದ, "ಎಲ್ಲಾರೂ ಫೈವ್ ನೈನ್ ಅಂತಾರ್ರಿ" ಎಂದಿದ್ದನು.

ಈ 'ಫೈವ್ ನೈನ್' ಎಂಬುದರ ಅರ್ಥವನ್ನು ಇಲ್ಲಿ ಬಿಡಿಸಿ ಹೇಳಬೇಕು. ಒಬ್ಬ ಹವ್ಯಾಸಿಯ ಸಂಕೇತವು ಹೇಗೆ ಕೇಳಿಬರುತ್ತದೆಂಬುದಕ್ಕೆ ಇನ್ನೊಬ್ಬನು ಅಂಕಗಳನ್ನು ಕೊಡುವ ಪದ್ಧತಿಯು 1934ರಿಂದ ಬಳಕೆಯಲ್ಲಿರುವುದು. ಮಾತಿನ ಸ್ಪಷ್ಟತೆಗೆ 1ರಿಂದ 5, ಬಲಕ್ಕೆ 1ರಿಂದ 9. ತಂತಿಸಂಕೇತವಾದರೆ ಸ್ವರದ ಶುದ್ಧಿಗೆ ಮತ್ತೊಂದು 9. ಐದು ಒಂಬತ್ತು ಎಂದರೆ ಪೂರ್ಣಾಂಕ. ಆದರೆ ಮದುವೆಯ ಮನೆಯಲ್ಲಿ ಅಡಿಗೆ ಹೇಗಿತ್ತೆಂದು ಕೇಳಿದರೆ ಯಾವ ಅತಿಥಿಯು ತಾನೇ ಉಪ್ಪು ಹೆಚ್ಚಾಯಿತೆಂದು ಹೇಳುವನು? ಹಾಗೆಯೇ ಸೌಜನ್ಯಕ್ಕಾಗಿ ಎಲ್ಲರೂ ಎಲ್ಲರಿಗೂ ಈ ಪೂರ್ಣಾಂಕವನ್ನು ಹಂಚುವ ರೂಢಿ ಬಿದ್ದಿದೆ. ಪರೀಕ್ಷೆಯಲ್ಲಿ ದಾಕ್ಷಿಣ್ಯಕ್ಕೆ ಅಂಕ ಕೊಟ್ಟ ಮಾಸ್ತರನು ಹುಡುಗನ ವೈರಿಯೆಂದು ನಾನು ಶಾಲೆಯಲ್ಲಿ ಎಷ್ಟೋ ಸಲ ಹೇಳಿದ್ದೆನು. ಆದರೂ ಶಿಷ್ಯನ ದನಿಯನ್ನು ಬೈಲಹೊಂಗಲದ ಗೆಳೆಯನ ಮನೆಯಲ್ಲಿ ಕೇಳಿದಾಗ ನಾನೂ "ಚೆನ್ನಾಗಿದೆ" ಎಂದೇ ಹೇಳಿದ್ದೆನೆಂಬುದನ್ನು ನಾಚಿಕೆಯಿಂದ ಒಪ್ಪುತ್ತೇನೆ.

ಈ ದಾಕ್ಷಿಣ್ಯದ ಬೆಲೆಯು ಒಂದು ಭಾನುವಾರ ತಿಳಿದುಬಂದಿತು. ನೆರೆ ಬಂದಾಗ ಸಂದೇಶಗಳನ್ನು ಕಳಿಸುವ ಅಭ್ಯಾಸವಾಗಲೆಂದು ನಾನೇ ಹತ್ತು ಚಿಕ್ಕ ಸಂದೇಶಗಳನ್ನು ಬರೆದುಕೊಟ್ಟೆನು. ಶಿಷ್ಯನು ರಾಮದುರ್ಗದಿಂದ ಓದಬೇಕು. ನಾನು ಬೈಲಹೊಂಗಲದಲ್ಲಿ ಅವನ ಗೆಳೆಯನ ಬಳಿ ಕುಳಿತು ಬರೆದುಕೊಳ್ಳುವುದನ್ನು ನೋಡಬೇಕು. ಇವು ಪರೀಕ್ಷೆಯ ಸಂದೇಶಗಳೆಂದು ಮೊದಲೇ ಸಾರಿ ಆರಂಭಿಸಿದೆವು. ನಾಲ್ಕನೆಯ ಸಂದೇಶ ಹೀಗಿತ್ತು: "ಗುಡಿಯಲ್ಲಿ ಎಪ್ಪತ್ತು ಜನರಿದ್ದಾರೆ, ಊಟವಿಲ್ಲ." ಗೆಳೆಯನು ಬರೆದುಕೊಂಡುದು: "ಗುಡಿಯಲ್ಲಿ ಹತ್ತು ಜನರಿದ್ದಾರೆ." ಶಿಷ್ಯನು ಪ್ರತಿ ಮಾತಿನ ಮೊದಲಿಗೆ ಆವೇಶದಿಂದ ಕೂಗುತ್ತಿದ್ದುದರಿಂದ ಮೊದಲ ಅಕ್ಷರವು ಒಡೆದು ಹೋಗಿ ಕಡೆಯ ಅಕ್ಷರಗಳು ಮಾತ್ರ ಉಳಿದಿದ್ದವು. ಬಲದ ಮೀಟರಿನ ಮುಳ್ಳು ಮಾತ್ರ ಒಂಬತ್ತನ್ನು ದಾಟಿ ನಿಂತಿತ್ತು! ಹತ್ತು ಸಂದೇಶಗಳಲ್ಲಿ ಮೂರರಲ್ಲಿ ಸಂಖ್ಯೆ ತಪ್ಪಿದ್ದಿತು. ನಾನು ಫೋನಿನಲ್ಲಿ ಇದನ್ನು ತಿಳಿಸಿದಾಗ ಶಿಷ್ಯನು ಬಹಳ ಹೊತ್ತು ಮಾತನಾಡಲಿಲ್ಲ. ಆ ಮೇಲೆ, "ಗುಡಿಯೊಳಗ ನಮ್ಮವ್ವ ಇದ್ದಳ್ರಿ ಗುರುಗಳ" ಎಂದನು. ಅರವತ್ತು ಜನರ ಅನ್ನವು ಒಂದು ಒಡಕು ಅಕ್ಷರದಲ್ಲಿ ಹೋಗಿತ್ತು. ಅದು ಅಭ್ಯಾಸವೆಂಬುದೊಂದೇ ಸಮಾಧಾನ.

ಸಂಸ್ಕೃತವನ್ನು ಓದಿದವರಿಗೆ ತ್ವಷ್ಟೃವಿನ ಕಥೆಯು ತಿಳಿದೇ ಇರುವುದು. ಇಂದ್ರನನ್ನು ಕೊಲ್ಲುವ ಮಗನಿಗಾಗಿ ಅವನು ಮಾಡಿದ ಯಜ್ಞದಲ್ಲಿ 'ಇಂದ್ರಶತ್ರು' ಎಂಬ ಒಂದೇ ಪದದ ಸ್ವರವು ತಪ್ಪಿದುದರಿಂದ ಅರ್ಥವು ತಿರುವುಮುರುವಾಗಿ, ಮಗನಾದ ವೃತ್ರನೇ ಇಂದ್ರನ ಕೈಯಿಂದ ಹತನಾದನು. ಹುಡುಗರಿಗೆ ಹೇಳುವಾಗ ಇದು ಉತ್ಪ್ರೇಕ್ಷೆಯೆಂದು ನನಗೇ ತೋರುತ್ತಿತ್ತು. ಎಪ್ಪತ್ತು ಹತ್ತಾದ ದಿನದಿಂದ ಹಾಗೆ ತೋರುವುದಿಲ್ಲ.

ಮುಂದಿನ ವಾರ ಆ ಹಿರಿಯರು ತಾವಾಗಿಯೇ ತಮ್ಮ ಉಪಕರಣಗಳನ್ನು ಹೊತ್ತುಕೊಂಡು ರಾಮದುರ್ಗಕ್ಕೆ ಬಂದರು. ಅವರು ನಮಗೆ ತಿಳಿಸಿದುದನ್ನು ನನ್ನ ಬುದ್ಧಿಗೆ ನಿಲುಕಿದ ಮಟ್ಟಿಗೆ ಬರೆಯುವೆನು.

ಮನುಷ್ಯನ ಮಾತಿನಲ್ಲಿ ಅರ್ಥಗ್ರಹಣಕ್ಕೆ ಅವಶ್ಯವಾದ ಭಾಗವು ಕ್ಷಣಕ್ಕೆ ಸುಮಾರು 300ರಿಂದ 3000 ಕಂಪನಗಳೊಳಗೆ ಇರುವುದು. ಸ್ವರಗಳ ಬಲವು ಬಹುಮಟ್ಟಿಗೆ ಒಂದು ಸಾವಿರದ ಕೆಳಗೆ. 'ಸ' 'ಶ' ಮೊದಲಾದ ಊಷ್ಮಗಳ ಗುರುತು ಎರಡು ಸಾವಿರದ ಮೇಲೆ. ಹಳೆಯ ರೀತಿಯ ಪ್ರಸಾರದಲ್ಲಿ ಈ ಧ್ವನಿಯು ಒಂದು ವಾಹಕ ತರಂಗದ ಎರಡೂ ಮಗ್ಗುಲಲ್ಲಿ ಎರಡು ಪ್ರತಿಗಳಾಗಿ ಹೋಗುವುದು. ಈಗಿನ ಹವ್ಯಾಸಿಗಳು ವಾಹಕವನ್ನೂ ಒಂದು ಪ್ರತಿಯನ್ನೂ ತೆಗೆದುಹಾಕಿ ಒಂದೇ ಮಗ್ಗುಲನ್ನು ಕಳಿಸುವರು. ಇದರಿಂದ ಶಕ್ತಿಯೂ ಉಳಿಯುವುದು; ಗಗನದಲ್ಲಿ ಒಬ್ಬನು ಮೂರು ಸಾವಿರ ಕಂಪನಗಳಷ್ಟು ಇಕ್ಕಟ್ಟಾದ ಜಾಗದಲ್ಲಿಯೇ ಕುಳಿತು, ಮಗ್ಗುಲಲ್ಲಿ ಇನ್ನೊಬ್ಬನಿಗೆ ಎಡೆ ಬಿಟ್ಟಂತಾಗುವುದು. ಪಂಕ್ತಿಯ ಊಟದಲ್ಲಿ ಮಂಡಿಯನ್ನು ಚಾಚದೆ ಕೂಡ್ರುವಂತೆ ಇದು.

ಆದರೆ ಯಂತ್ರಕ್ಕೆ ಅದರ ಅಳತೆಗಿಂತ ಹೆಚ್ಚು ಬಲವಾಗಿ ಧ್ವನಿಯನ್ನು ತುಂಬಿದರೆ ಏನಾಗುವುದು? ತುಂಬಿದ ಸೇರಿಗೆ ಮತ್ತೆ ಜೋಳವನ್ನು ಸುರಿದಂತಾಗುವುದು. ಸೇರು ಹಿಡಿಯುವುದು ಒಂದು ಸೇರನ್ನೇ. ಮಿಕ್ಕುದು ಸುತ್ತಲೂ ಚೆಲ್ಲುವುದು. ಗಗನದಲ್ಲಿ ಆ ಚೆಲ್ಲಿದ ಜೋಳವು ಮಗ್ಗುಲಿನವನ ಎಲೆಯಲ್ಲಿ ಬೀಳುವುದು. ಇದನ್ನು ಅವರು ಲೆಕ್ಕ ಮಾಡಿಯೇ ತೋರಿಸಿದರು. ಮೈಕಿನಲ್ಲಿ ಮಾತಿಗೆ ಬದಲಾಗಿ 700 ಮತ್ತು 1900 ಕಂಪನಗಳ ಎರಡು ಶುದ್ಧ ನಾದಗಳನ್ನು ಕೂಡಿಯೇ ಊದಬೇಕು. ಯಂತ್ರವು ಪ್ರಾಮಾಣಿಕವಾಗಿದ್ದರೆ ಹೊರಗೆ ಆ ಎರಡೇ ಬರಬೇಕು. ಅತಿಭಾರವಾದರೆ ಅವು ಒಂದರೊಡನೊಂದು ಕಲೆತು ಹೊಸ ಸಂತಾನವನ್ನು ಹೆರುವವು. 1900ರ ಇಮ್ಮಡಿಯಲ್ಲಿ 700ನ್ನು ಕಳೆದರೆ 3100. 1900ರ ಮುಮ್ಮಡಿಯಲ್ಲಿ 700ರ ಇಮ್ಮಡಿಯನ್ನು ಕಳೆದರೆ 4300. ಇವೆರಡೂ ನಮ್ಮ ಮೂರು ಸಾವಿರದ ಗೆರೆಯ ಹೊರಗೆ. ಇನ್ನು 700ರ ಇಮ್ಮಡಿಯಲ್ಲಿ 1900ನ್ನು ಕಳೆದರೆ ಸೊನ್ನೆಗಿಂತ 500 ಕಡಿಮೆ. ಅಂದರೆ ಅದು ಇನ್ನೊಂದು ಮಗ್ಗುಲಿಗೆ ಬೀಳುವುದು. ನಾವು ಆಡದ ಸ್ವರಗಳು ನಮ್ಮ ಹೆಸರಿನಿಂದ ಹೊರಗೆ ಹೋಗಿ ನೆರೆಯವರನ್ನು ಕಾಡುವುದು ಹೀಗೆ.

ಬಳಿಕ ಉಪಕರಣಗಳ ಪರಿಚಯವಾಯಿತು. ಮೊದಲನೆಯದು ಹುಸಿ ಆಂಟೆನಾ. ಇದು 50 ಓಮಿನ ಒಂದು ದಪ್ಪ ಪ್ರತಿರೋಧಕ. ಯಂತ್ರದ ಶಕ್ತಿಯನ್ನೆಲ್ಲ ತಾನೇ ನುಂಗಿ ಶಾಖವನ್ನಾಗಿ ಮಾಡುವುದು, ಹೊರಗೆ ಬಿಡದು. ವೇದಪಾಠಕನು ಸಭೆಗೆ ಹೋಗುವ ಮೊದಲು ಮನೆಯ ಮೂಲೆಯಲ್ಲಿ ಅಭ್ಯಾಸ ಮಾಡುವಂತೆ, ಲೋಕಕ್ಕೆ ತೊಂದರೆಯಾಗದಂತೆ ಯಂತ್ರವನ್ನು ಪರೀಕ್ಷಿಸಲು ಇದೇ ಯೋಗ್ಯ ಸಾಧನ.

ಎರಡನೆಯದು ಶಕ್ತಿಯನ್ನೂ ಪ್ರತಿಫಲನವನ್ನೂ ಅಳೆಯುವ ಮೀಟರು. ಆಂಟೆನಾಕ್ಕೆ ಹೋದ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತದೆಂದು ಇದು ತಿಳಿಸುವುದು. ಒಂದಕ್ಕೆ ಒಂದು ಎಂಬ ಪ್ರಮಾಣವು ಉತ್ತಮ. ಶಿಷ್ಯನ ಬಳಿ ಇದು ಮೊದಲೇ ಇತ್ತು, ಇದೊಂದನ್ನೇ ಅವನು ನಂಬಿದ್ದನು. ಆದರೆ ಹಿರಿಯರು ಹೇಳಿದರು: "ಇದು ಎಷ್ಟು ಹೋಯಿತೆಂದು ಹೇಳುವುದು, ಎಂಥದು ಹೋಯಿತೆಂದು ಹೇಳಲಾರದು. ಮೃದಂಗದ ತೂಕವನ್ನು ನೋಡಿ ಅದರ ನಾದವನ್ನು ತಿಳಿಯಬಹುದೆ?"

ಮೂರನೆಯದು ಆಸಿಲೋಸ್ಕೋಪು. ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನನು 1897ರಲ್ಲಿ ನಿರ್ಮಿಸಿದ ಕಿರಣನಾಳದಿಂದ ಈ ಯಂತ್ರದ ಕುಲವು ಆರಂಭವಾಯಿತು. ಕಿವಿಗೆ ನಿಲುಕದ ತರಂಗವನ್ನು ಇದು ಕಣ್ಣಿಗೆ ಕಾಣುವ ಗೆರೆಯನ್ನಾಗಿ ಬರೆಯುವುದು. ಯಂತ್ರದಿಂದ ಹೊರಡುವ ಶಕ್ತಿಯ ಒಂದು ಲವಲೇಶವನ್ನು ಇದಕ್ಕೆ ಕೊಟ್ಟು ಎರಡು ನಾದಗಳನ್ನು ಊದಿದಾಗ, ಪರದೆಯ ಮೇಲೆ ದಾರದಲ್ಲಿ ಪೋಣಿಸಿದ ದುಂಡು ಮಣಿಗಳ ಸಾಲು ಕಾಣಬೇಕು: ತುದಿಗಳು ನುಣುಪಾಗಿ ಬಾಗಿರಬೇಕು, ಮಣಿಗೆ ಮಣಿ ಕೂಡುವಲ್ಲಿ ಗೆರೆಗಳು ಚೂಪಾಗಿ ಹಾಯಬೇಕು. ಶಿಷ್ಯನ ಯಂತ್ರದಲ್ಲಿ ಕಂಡುದೇನು? ಮಣಿಗಳ ನೆತ್ತಿಗಳನ್ನು ಕುಡುಗೋಲಿನಿಂದ ಸವರಿದಂತೆ ಚಪ್ಪಟೆಯಾಗಿದ್ದವು. ಅವನು ತನ್ನ ದನಿಯ ಮುಖವನ್ನು ಅಂದು ಮೊದಲ ಸಲ ನೋಡಿದನು. "ಇದು ನಂದ ಏನ್ರಿ?" ಎಂದು ಮೆಲ್ಲಗೆ ಕೇಳಿದನು. ಹಿರಿಯರು ಮಾತನಾಡದೆ ಮೈಕಿನ ಗುಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತಿರುಗಿಸಿದರು. ದನಿಯನ್ನು ದಪ್ಪ ಮಾಡಲೆಂದು ಅವನು ಒತ್ತಿಟ್ಟಿದ್ದ ಇನ್ನೊಂದು ಗುಂಡಿಯನ್ನು ಆರಿಸಿದರು. ಚಪ್ಪಟೆ ನೆತ್ತಿಗಳು ನೋಡನೋಡುತ್ತಿದ್ದಂತೆ ದುಂಡಾದವು.

ಆಗ ನನಗೆ ಪಾಣಿನೀಯ ಶಿಕ್ಷೆಯ ಒಂದು ಉಪಮೆಯು ನೆನಪಾಯಿತು. ಹೆಣ್ಣುಹುಲಿಯು ತನ್ನ ಮರಿಗಳನ್ನು ಕೋರೆಹಲ್ಲುಗಳಲ್ಲಿ ಕಚ್ಚಿ ಒಯ್ಯುವಾಗ ಎರಡು ಭಯಗಳನ್ನು ಇಟ್ಟುಕೊಂಡಿರುತ್ತದೆಂದು ಅಲ್ಲಿ ಹೇಳಿದೆ: ಸಡಿಲ ಹಿಡಿದರೆ ಮರಿ ಬಿದ್ದೀತು, ಬಿಗಿ ಹಿಡಿದರೆ ಹಲ್ಲು ನಾಟೀತು. ಅಕ್ಷರಗಳನ್ನೂ ಹಾಗೆಯೇ ಉಚ್ಚರಿಸಬೇಕಂತೆ. ಮೈಕಿನ ಗುಂಡಿಗೆ ಇದಕ್ಕಿಂತ ಒಳ್ಳೆಯ ಉಪದೇಶವನ್ನು ನಾನು ಕಾಣೆ. ತೀರ ಇಳಿಸಿದರೆ ಮಾತು ಗಗನದ ಸದ್ದಿನಲ್ಲಿ ಬಿದ್ದುಹೋಗುವುದು. ತೀರ ಏರಿಸಿದರೆ ಅಕ್ಷರಕ್ಕೆ ಗಾಯವಾಗುವುದು. ನನ್ನ ಮಾತನ್ನು ಕೇಳಿ ಹಿರಿಯರು ನಕ್ಕು, ಆ ಹುಲಿಯ ಹಲ್ಲಿಗೆ ಬೇಕಾದ ಅಂದಾಜನ್ನೇ ಆಸಿಲೋಸ್ಕೋಪು ಕೊಡುವುದೆಂದರು.

ಶಿಷ್ಯನಿಗೆ ಒಂದು ಚಿಂತೆಯುಳಿದಿತ್ತು: ಶಕ್ತಿಯು ಕಡಿಮೆಯಾದರೆ ದೂರಕ್ಕೆ ಕೇಳಿಸುವುದೆ? ಇದಕ್ಕೂ ಲೆಕ್ಕವಿದೆ. ಬಲದ ಅಂಕದಲ್ಲಿ ಒಂದು ಮೆಟ್ಟಿಲು ಏರಬೇಕಾದರೆ ಶಕ್ತಿಯು ನಾಲ್ಕುಪಟ್ಟು ಆಗಬೇಕು. 100 ವ್ಯಾಟನ್ನು 50ಕ್ಕೆ ಇಳಿಸಿದರೆ ಕೇಳುವವನಿಗೆ ಅರ್ಧ ಮೆಟ್ಟಿಲಷ್ಟೇ ವ್ಯತ್ಯಾಸ. ಸಾಮಾನ್ಯ ಕಿವಿಗೆ ಅದು ತಿಳಿಯುವುದೂ ಕಷ್ಟ. ಆದರೆ ಒಡೆದ ಅಕ್ಷರವನ್ನು ನೂರುಪಟ್ಟು ಬಲದಿಂದ ಕಳಿಸಿದರೂ ಅದು ಒಡೆದ ಅಕ್ಷರವೇ. ಮೈಸೂರಿನ ಆ 30 ವ್ಯಾಟನ್ನು ವಾಚಕರು ಇಲ್ಲಿ ಸ್ಮರಿಸಬೇಕು.

ದೋಷಗಳು ಇದೊಂದೇ ಬಗೆಯವಲ್ಲ. ವಿದ್ಯುತ್ತಿನ ಶೋಧನೆ ಸಾಲದಿದ್ದರೆ ಮಾತಿನ ಹಿಂದೆ 50 ಅಥವಾ 100 ಕಂಪನಗಳ ಗುಂಯ್‌ಗುಡುವಿಕೆ ಸೇರುವುದು. ತಂತಿಸಂಕೇತದಲ್ಲಿ ಕೀಲಿಯು ತಟ್ಟನೆ ಮುಚ್ಚಿ ತೆರೆದರೆ ಟಕ್‌ಟಕ್ ಎಂಬ ಸದ್ದು ಸುತ್ತಲೂ ಹರಡುವುದು. 7 ಮೆಗಾಹರ್ಟ್ಸಿನ ತರಂಗವು 14ರಲ್ಲಿಯೂ 21ರಲ್ಲಿಯೂ ತನ್ನ ಪ್ರತಿಬಿಂಬಗಳನ್ನು ಹುಟ್ಟಿಸುವುದುಂಟು. ಅದಕ್ಕೆ ಸೋಸುವ ಮಂಡಲವನ್ನು ಜೋಡಿಸಬೇಕು. ಇವನ್ನೆಲ್ಲ ಕಂಡುಹಿಡಿಯಲು ಇನ್ನೊಂದು ಸುಲಭ ಸಾಧನವಿದೆ. ಅದು ಎರಡನೆಯ ಗ್ರಾಹಕ ಯಂತ್ರ. ಈಗ ಗಣಕಯಂತ್ರಕ್ಕೆ ಚುಚ್ಚುವ ಹೆಬ್ಬೆರಳಿನಷ್ಟು ಚಿಕ್ಕ ಗ್ರಾಹಕಗಳು ಅಲ್ಪ ಬೆಲೆಗೆ ದೊರೆಯುವವು. ಅವು ತರಂಗದ ಅಗಲವನ್ನು ಪರದೆಯ ಮೇಲೆ ಬಣ್ಣದ ಜಲಪಾತದಂತೆ ತೋರಿಸುವವು. ಆದರೆ ಪಕ್ಕದಲ್ಲಿಯೇ ಇರುವ ಗ್ರಾಹಕವು ಪ್ರಬಲ ತರಂಗದಿಂದ ತಾನೇ ತತ್ತರಿಸಿ ಇಲ್ಲದ ದೋಷವನ್ನೂ ತೋರಿಸಬಲ್ಲದು. ಆದುದರಿಂದ ಅದಕ್ಕೆ ಕೊಡುವ ತರಂಗವನ್ನು ಬಹಳವಾಗಿ ಕುಗ್ಗಿಸಿ ಕೊಡಬೇಕು. ನೆದರ್ಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಸ್ಥಾಪಿತವಾದ ಗ್ರಾಹಕದಂಥವು ಲೋಕದ ಹಲವೆಡೆ ಏರ್ಪಟ್ಟಿರುವುದರಿಂದ, ಮನೆಯಲ್ಲಿ ಕುಳಿತು ತನ್ನ ದನಿಯು ಪರದೇಶದಲ್ಲಿ ಹೇಗೆ ಇಳಿಯಿತೆಂದು ಕೇಳುವ ಸೌಕರ್ಯವೂ ಬಂದಿದೆ.

ಆತ್ಮಪರೀಕ್ಷೆಗೆ ಗಗನವೇ ಕನ್ನಡಿಯಾದ ಉದಾಹರಣೆಯೊಂದು ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಉಪಗ್ರಹಕೇಂದ್ರದಲ್ಲಿ ಇಸ್ರೋ ಸಂಸ್ಥೆಯವರು ಹವ್ಯಾಸಿಗಳಿಗಾಗಿಯೇ 'ಹ್ಯಾಮ್‌ಸ್ಯಾಟ್' ಎಂಬ 42.5 ಕಿಲೋ ತೂಕದ ಚಿಕ್ಕ ಉಪಗ್ರಹವನ್ನು ನಿರ್ಮಿಸಿದರು. 2005ನೆಯ ಇಸವಿಯ ಮೇ 5ರಂದು ಅದು ಶ್ರೀಹರಿಕೋಟೆಯಿಂದ ಕಾರ್ಟೋಸ್ಯಾಟ್-1ರೊಡನೆ ಮೇಲೇರಿತು. ನೆಲದ ಹವ್ಯಾಸಿಯು 435 ಮೆಗಾಹರ್ಟ್ಸಿನಲ್ಲಿ ಮಾತನ್ನು ಕಳಿಸಿದರೆ ಅದು 145ರಲ್ಲಿ ಹಿಂದಿರುಗಿಸುತ್ತಿತ್ತು. ಆಡಿದವನು ತನ್ನ ಮಾತು ಗಗನದಿಂದ ಮರಳುವುದನ್ನು ಆ ಕ್ಷಣದಲ್ಲಿಯೇ ಕೇಳಬಹುದಿತ್ತು. ಇದರಲ್ಲಿ ಇನ್ನೊಂದು ನೀತಿಯೂ ಅಡಗಿತ್ತು. ಉಪಗ್ರಹವು ಕೆಳಗೆ ಕಳಿಸುವ ಶಕ್ತಿ ಸುಮಾರು ಒಂದು ವ್ಯಾಟು. ಅದನ್ನು ಆ ಹೊತ್ತಿಗೆ ಮಾತನಾಡುವವರೆಲ್ಲ ಹಂಚಿಕೊಳ್ಳಬೇಕು. ಒಬ್ಬನು ಅತಿಬಲದಿಂದ ಕೂಗಿದರೆ ಪಾಲಿನ ಹೆಚ್ಚು ಭಾಗವನ್ನು ಅವನೇ ನುಂಗುವನು, ಮಿಕ್ಕವರು ಕ್ಷೀಣಿಸುವರು. ಆದುದರಿಂದ ಸಾಲುವಷ್ಟೇ ಶಕ್ತಿಯನ್ನು ಬಳಸುವುದು ಅಲ್ಲಿ ಶಿಷ್ಟಾಚಾರವಾಗಿತ್ತು. ಒಂಬತ್ತು ವರ್ಷಗಳಿಗೂ ಮೀರಿ ಸೇವೆ ಮಾಡಿ ಆ ಉಪಗ್ರಹವು 2014ರ ಜುಲೈ ತಿಂಗಳಲ್ಲಿ ಮೌನವಾಯಿತು.

ಈಗ ರಾಮದುರ್ಗಕ್ಕೆ ಮರಳೋಣ. ಶಿಷ್ಯನು ಒಂದು ಹಳೆಯ ಆಸಿಲೋಸ್ಕೋಪನ್ನು ಕೊಂಡು ಯಂತ್ರದ ಮಗ್ಗುಲಲ್ಲಿ ಇಟ್ಟಿರುವನು. ಮಾತನಾಡುವಾಗ ಅವನ ಕಣ್ಣು ಅದರ ಮೇಲೆಯೇ ಇರುತ್ತದೆ. ಗೆಳೆಯರು ಮೂವರೂ ಒಂದು ಒಪ್ಪಂದವನ್ನು ಮಾಡಿಕೊಂಡರು: ತಮ್ಮೊಳಗೆ ಯಾರೂ ದಾಕ್ಷಿಣ್ಯದ ಅಂಕವನ್ನು ಕೊಡತಕ್ಕದ್ದಲ್ಲ, ಸಂಖ್ಯೆಗಳನ್ನು ಪೂರ್ಣವಾಗಿ ಒಮ್ಮೆ, ಅಂಕಿ ಅಂಕಿಯಾಗಿ ಒಮ್ಮೆ ಹೇಳತಕ್ಕದ್ದು, ಕೇಳಿದವನು ಮರಳಿ ಓದತಕ್ಕದ್ದು. "ಎಪ್ಪತ್ತು, ಏಳು, ಸೊನ್ನೆ." ವೇದಪಾಠದಲ್ಲಿ ಪದಪಾಠ, ಕ್ರಮಪಾಠ, ಜಟಾಪಾಠಗಳನ್ನು ಕಲ್ಪಿಸಿದ ನಮ್ಮ ಪೂರ್ವಿಕರ ಉದ್ದೇಶವೂ ಇದೇ ಅಲ್ಲವೆ? ಒಂದು ಹಾದಿಯಲ್ಲಿ ತಪ್ಪಿದುದು ಇನ್ನೊಂದು ಹಾದಿಯಲ್ಲಿ ಸಿಕ್ಕಿಬೀಳಲೆಂದೇ ಆ ಪರಿಶ್ರಮ.

ಮಳೆಗಾಲ ಹತ್ತಿರ ಬಂದಾಗ ಎರಡನೆಯ ಸಲ ಅಭ್ಯಾಸವನ್ನು ನಡೆಸಿದೆವು. ಈ ಸಲ ಇಪ್ಪತ್ತು ಸಂದೇಶಗಳು. ಹೆಸರುಗಳೂ ಸಂಖ್ಯೆಗಳೂ ತುಂಬಿದ್ದವು. ಕಿತ್ತೂರಿನ ಗೆಳೆಯನೂ ಬರೆದುಕೊಂಡನು. ದನಿಯು ಮೊದಲಿನಂತೆ ಅಬ್ಬರಿಸಲಿಲ್ಲ, ಮೀಟರಿನ ಮುಳ್ಳು ಸ್ವಲ್ಪ ಕೆಳಗೇ ನಿಂತಿತು. ಆದರೆ ಇಪ್ಪತ್ತೂ ಸಂದೇಶಗಳು ಎರಡೂ ಊರುಗಳಲ್ಲಿ ಅಕ್ಷರಶಃ ಸರಿಯಾಗಿ ಇಳಿದವು. ಕಿತ್ತೂರಿನವನು ಅಂಕವನ್ನು ಕೊಡುವಾಗ, "ಸ್ಪಷ್ಟತೆ ಐದು, ಬಲ ಏಳು" ಎಂದನು. ಶಿಷ್ಯನು ಆ ಏಳನ್ನು ತನ್ನ ದಿನಚರಿಯಲ್ಲಿ ಕೆಂಪು ಶಾಯಿಯಿಂದ ಬರೆದಿರುವನು. ಅವನಿಗೆ ದೊರೆತ ಒಂಬತ್ತುಗಳಿಗಿಂತ ಅದು ಹೆಚ್ಚಿನದೆಂದು ನನಗೂ ತೋರುತ್ತದೆ.

ನೆರೆಮನೆಯ ಆ ವೃದ್ಧೆಯು ಈಗ ಸಂಜೆ ಭಜನೆ ಮುಗಿದ ಮೇಲೆ ಕಟ್ಟೆಯಿಂದಲೇ, "ನಂದು ಆತು ತಮ್ಮಾ, ನೀ ಒದರು" ಎಂದು ಕೂಗಿ ಹೇಳುವಳು. ಅವನೂ ಅಲ್ಲಿಯವರೆಗೆ ಕಾಯುವನು. ಪರವಾನಿಗೆಯು ಕೊಡಲಾರದ ಹಕ್ಕನ್ನು ಈ ಕಾಯುವಿಕೆಯು ಕೊಟ್ಟಿದೆ.

ಮನೆಯಲ್ಲಿ ಇಂಥ ಹವ್ಯಾಸದ ಮಕ್ಕಳಿರುವ ಗೃಹಸ್ಥರಲ್ಲಿ ನನ್ನ ಅರಿಕೆಯಿಷ್ಟು. ಯಂತ್ರಕ್ಕೆ ಹಣವನ್ನು ಕೊಡುವಾಗ, ಹೆಚ್ಚು ಶಕ್ತಿಯ ಯಂತ್ರಕ್ಕಿಂತ ಮೊದಲು ಒಂದು ಹುಸಿ ಆಂಟೆನಾವನ್ನೂ ತನ್ನ ದನಿಯನ್ನು ತಾನು ಪರೀಕ್ಷಿಸುವ ಸಾಧನವನ್ನೂ ಕೊಡಿಸಿರಿ. ನೆರೆಯವನು ತಕರಾರು ತಂದರೆ ಸಿಟ್ಟಾಗದೆ ಅವನ ಪೆಟ್ಟಿಗೆಯನ್ನೂ ನಿಮ್ಮ ಯಂತ್ರವನ್ನೂ ಕೂಡಿಯೇ ನೋಡಿರಿ. ಮಗನು ತನ್ನ ದನಿ ಹೇಗಿದೆಯೆಂದು ಕೇಳಿದರೆ, ಪ್ರೀತಿಗಾಗಿ ಚೆನ್ನಾಗಿದೆಯೆಂದು ಹೇಳಬೇಡಿರಿ. ನಾನು ಹಾಗೆ ಹೇಳಿ ಕೆಟ್ಟವನು. ಮಲಪ್ರಭೆಯು ಮತ್ತೊಮ್ಮೆ ದಂಡೆ ಮೀರಬಾರದೆಂದು ಎಲ್ಲರೂ ಪ್ರಾರ್ಥಿಸೋಣ. ಮೀರಿದರೆ, ಗುಡಿಯ ಕಟ್ಟೆಯ ಮೇಲಿನ ಎಪ್ಪತ್ತು ಜನರು ಎಪ್ಪತ್ತಾಗಿಯೇ ನಮಗೆ ಕೇಳಿಸಲಿ.